ಗಾಣದ ಮನೆಯ ಕೂಸಿನ ಪಾಳಿ

ನನ್ನ ಮೊದಲ ಮಗಳನ್ನು ನಾನು ಕಂಬಕ್ಕೆ ಕಟ್ಟಿ ಹೊಲಕ್ಕೆ ಹೋಗುತ್ತಿದ್ದೆ. ಈಗಿನ ಸೊಸೆಯಂದಿರು ಇದನ್ನು ಕೇಳಿ ಬಾಯಿ ಮೇಲೆ ಕೈ ಇಟ್ಟುಕೊಳ್ಳುತ್ತಾರೆ. ಇಟ್ಟುಕೊಳ್ಳಲಿ. ಕೊಣ್ಣೂರಿನಲ್ಲಿ ಆಗ ಎಲ್ಲರೂ ಹಾಗೇ ಮಾಡುತ್ತಿದ್ದರು. ನಡೆಯಲು ಕಲಿತ ಕೂಸಿನ ಸೊಂಟಕ್ಕೆ ಹಳೆಯ ಸೀರೆಯ ತುಂಡು ಸುತ್ತಿ, ಅದರ ಇನ್ನೊಂದು ತುದಿಯನ್ನು ಪಡಸಾಲೆಯ ಕಂಬಕ್ಕೆ ಬಿಗಿದು, ಕೈಗೆಟಕುವ ಹಾಗೆ ಒಂದು ರೊಟ್ಟಿ, ಒಂದು ತಂಬಿಗೆ ನೀರು ಇಟ್ಟು, ಹೊರಗಿನಿಂದ ಚಿಲಕ ಹಾಕಿ ಹೊರಡುವುದು. ಬಾವಿ, ಒಲೆ, ಎತ್ತಿನ ಕಾಲು, ಘಟಪ್ರಭೆಯ ದಂಡೆ, ಹೀಗೆ ಕೂಸು ಸಾಯುವುದಕ್ಕೆ ಊರಲ್ಲಿ ಜಾಗಗಳಿಗೇನು ಬರವಿರಲಿಲ್ಲ. ಕಟ್ಟಿದ ಕೂಸು ಅಳುತ್ತದೆ, ಆದರೆ ಬದುಕಿರುತ್ತದೆ. ಅಷ್ಟೇ ನಮ್ಮ ಶಾಣೆತನ.

ಒಂದು ಸಂಜೆ ಹೊಲದಿಂದ ಬಂದು ಬಾಗಿಲು ತೆಗೆದೆ. ಮಗಳು ಕಂಬದ ಸುತ್ತ ತಿರುಗಿ ತಿರುಗಿ, ಬಟ್ಟೆಯೆಲ್ಲ ಕಂಬಕ್ಕೆ ಸುತ್ತಿ ಮುಗಿದು, ಕೆನ್ನೆಯನ್ನು ಕಟ್ಟಿಗೆಗೆ ಒತ್ತಿಕೊಂಡು ನಿಂತಲ್ಲೇ ನಿದ್ದೆ ಹೋಗಿದ್ದಳು. ಕೂರುವುದಕ್ಕೂ ಅವಳಿಗೆ ಬಟ್ಟೆ ಸಾಲದೆ ಹೋಗಿತ್ತು. ನಾನು ಮೊದಲೇ ಮುಂಗೋಪಿ. ಯಾರ ಮೇಲೆ ಸಿಟ್ಟು ತೀರಿಸಿಕೊಳ್ಳಬೇಕೋ ತಿಳಿಯದೆ ಆ ಕಂಬಕ್ಕೇ ಎರಡು ಗುದ್ದಿದೆ. ಕಂಬಕ್ಕೇನಾಗುತ್ತದೆ, ನನ್ನ ಕೈ ಬಾತುಕೊಂಡಿತು.

ಮರುದಿನ ಅತ್ತೆಯ ಮುಂದೆ ಹೋಗಿ ನಿಂತೆ. ಮಾವ ತೀರಿಕೊಂಡ ಮೇಲೆ ಹೊಲ, ಮನೆ, ಎತ್ತು, ಕೀಲಿ ಎಲ್ಲವೂ ಅತ್ತೆಯ ಕೈಯಲ್ಲಿದ್ದವು. ಗಂಡ ಗಾಡಿ ಹೂಡಿಕೊಂಡು ಗೋಕಾಕ ಪೇಟೆಗೂ ಮೂಡಲಗಿ ಸಂತೆಗೂ ತಿರುಗುವವನು, ಮನೆಯಲ್ಲಿ ಅವನದು ಉಣ್ಣುವ ಪಾರುಪತ್ಯ ಮಾತ್ರ. ನಮ್ಮ ಹೊಲದ ಮೂಲೆಯಲ್ಲಿ ಹಳೆಯ ಗಾಣದ ಮನೆ ಒಂದಿತ್ತು. ಹಿಂದೆ ಅಲ್ಲಿ ಕಬ್ಬು ಅರೆದು ಬೆಲ್ಲ ಕಾಸುತ್ತಿದ್ದರು. ಹೊಸ ಗಾಣ ಹೊಳೆಯ ಕಡೆಗೆ ಹೋದ ಮೇಲೆ ಅದು ಖಾಲಿ ಬಿದ್ದಿತ್ತು. ದಪ್ಪ ಮಣ್ಣಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ, ಒಂದೇ ಬಾಗಿಲು, ಬೇಸಿಗೆಯಲ್ಲೂ ಒಳಗೆ ತಂಪು. ಅದರ ಕೀಲಿ ಕೊಡಿ, ಓಣಿಯ ಕೂಸುಗಳನ್ನೆಲ್ಲ ಅಲ್ಲಿ ಕೂಡಿಸುತ್ತೇವೆ, ದಿನಕ್ಕೆ ಇಬ್ಬರು ಪಾಳಿಯ ಮೇಲೆ ಕೂತು ನೋಡಿಕೊಳ್ಳುತ್ತೇವೆ, ಉಳಿದವರು ನಿಶ್ಚಿಂತೆಯಿಂದ ಹತ್ತಿ ಬಿಡಿಸುತ್ತಾರೆ ಎಂದು ಹೇಳಿದೆ.

ಅತ್ತೆ ಕೈಯಲ್ಲಿದ್ದ ಅಡಿಕೆಯನ್ನು ಕತ್ತರಿಸಿ ಮುಗಿಸಿದಳು. ಆಮೇಲೆ ಸೊಂಟದಿಂದ ಕೀಲಿ ಬಿಚ್ಚಿದಳು.

"ಕೊಡತೇನಿ. ಆದ್ರ ಒಳಗ ಕೊಳ್ಳಾಗ ಲಿಂಗ ಇದ್ದ ಕೂಸು ಅಷ್ಟ. ಬ್ಯಾರೆ ಯಾರದರ ಕೂಸು ಹೊಸ್ತಿಲಾ ದಾಟಿತು ಅಂದ್ರ ಕೀಲಿ ತಿರುಗಿ ನನ್ನ ಸೊಂಟಕ್ಕ."

ನಾನು ಹೂಂ ಎಂದೆ. ಕೀಲಿ ಕೈಗೆ ಬಂದರೆ ಸಾಕಾಗಿತ್ತು.

ಇದು ಪರದೇಶದಲ್ಲಿ ಎರಡನೆಯ ದೊಡ್ಡ ಯುದ್ಧ ಹತ್ತಿಕೊಳ್ಳುವುದಕ್ಕೆ ಸ್ವಲ್ಪ ಮುಂಚಿನ ಮಾತು. ನಮ್ಮೂರಿನಲ್ಲಿ ದೊಡ್ಡ ಹುಡುಗರಿಗೇ ಸಾಲೆ ಸರಿಯಾಗಿರಲಿಲ್ಲ, ಕೂಸುಗಳಿಗೆಲ್ಲಿಂದ ಬರಬೇಕು. ನಾವು ಗಾಣದ ಮನೆಯನ್ನು ಸಾರಿಸಿ, ಜೋಳದ ಸೊಪ್ಪೆ ಹಾಸಿ, ಮೇಲೆ ಹಳೆಯ ಸೀರೆ ಹೊಲಿದು ಮಾಡಿದ ಕೌದಿ ಹಾಕಿದೆವು. ಎಳೆಯ ಕೂಸುಗಳನ್ನು ತೂಗಲು ತೊಲೆಗೆ ನಾಲ್ಕಾರು ಬಟ್ಟೆಯ ಜೋಳಿಗೆ ಕಟ್ಟಿದೆವು. ನಡೆಯುವ ಮಕ್ಕಳು ಜೋಳದ ದಂಟಿನಿಂದ ಎತ್ತು, ಗಾಡಿ ಮಾಡಿ ದಿನವಿಡೀ ಬೆಲ್ಲ ಸಾಗಿಸುವ ಆಟ ಆಡುತ್ತಿದ್ದವು. ಜಗಳಾಡುತ್ತಿದ್ದವು, ಕಚ್ಚುತ್ತಿದ್ದವು, ಮತ್ತೆ ಒಂದೇ ತಾಟಿನಲ್ಲಿ ಅಂಬಲಿ ಕುಡಿಯುತ್ತಿದ್ದವು. ನನ್ನ ಮಗಳು ಮೊದಲ ವಾರ ಕಂಬ ಕಂಡರೆ ಸಾಕು, ತಾನಾಗಿಯೇ ಹೋಗಿ ಅದರ ಬುಡದಲ್ಲಿ ನಿಲ್ಲುತ್ತಿದ್ದಳು. ಅದನ್ನು ಮರೆಯಿಸುವುದಕ್ಕೆ ಬಹಳ ದಿನ ಹಿಡಿಯಿತು.

ಕೂಸುಗಳಿಗಿಂತ ಅದರಿಂದ ಹೆಚ್ಚು ಲಾಭವಾದದ್ದು ನಮಗೇ. ಮಧ್ಯಾಹ್ನ ಹಾಲು ಕೊಡಲು ಬಂದಾಗ ಎಲ್ಲರೂ ಗೋಡೆಗೆ ಒರಗಿ ಕೂರುತ್ತಿದ್ದೆವು. ಎದೆ ಕಟ್ಟಿ ಜ್ವರ ಬಂದರೆ ಏನು ಮಾಡಬೇಕು, ಹಲ್ಲು ಬರುವಾಗ ಭೇದಿ ಆದರೆ ಹೆದರಬೇಕೋ ಬೇಡವೋ, ಗಂಡ ಕುಡಿದು ಬಂದ ದಿನ ಕೂಸನ್ನು ಎಲ್ಲಿ ಮಲಗಿಸಬೇಕು, ಎಲ್ಲ ಮಾತೂ ಅಲ್ಲಿ ಆಗುತ್ತಿದ್ದವು. ಮಸಗುಪ್ಪಿಯಿಂದ ಹೊಸದಾಗಿ ಬಂದ ಒಬ್ಬ ಹುಡುಗಿ, ಅವಳಿಗೇ ಇನ್ನೂ ಹಾಲುಗಲ್ಲ, ಕೂಸು ಅತ್ತರೆ ತಾನೂ ಅಳುತ್ತಾ ಕೂರುತ್ತಿದ್ದಳು. ಅವಳನ್ನು ಚೇಷ್ಟೆ ಮಾಡಿ ಮಾಡಿಯೇ ತಾಯಿ ಮಾಡಿದೆವು. ನಾನು ಹುಕ್ಕೇರಿಯ ತವರು ಬಿಟ್ಟು ಬಂದ ಮೇಲೆ ಬಾಯಿ ಬಿಚ್ಚಿ ನಕ್ಕದ್ದು ಆ ಗಾಣದ ಮನೆಯಲ್ಲಿಯೇ.

ಎರಡನೆಯದು ಮಗ ಹುಟ್ಟಿದ. ಅವನು ಕೂರಲು ಕಲಿತ ವರ್ಷ ಹತ್ತಿ ಚೆನ್ನಾಗಿ ಬಂದಿತ್ತು. ಓಣಿಯ ಕೈಗಳು ಸಾಲದೆ ಅತ್ತೆ ಹಳ್ಳದ ಆಚೆಯ ಕೇರಿಯಿಂದಲೂ ಆಳು ಕರೆಸಿದಳು. ಅವರಲ್ಲಿ ಒಬ್ಬಳು ನನ್ನ ವಯಸ್ಸಿನವಳೇ, ಕಪ್ಪಗೆ, ಎತ್ತರವಾಗಿ, ಮಾತು ಕಡಿಮೆ. ಅವಳಿಗೂ ನನ್ನ ಮಗನ ಓರಗೆಯ ಗಂಡು ಕೂಸು. ಅದರ ಜೋಳಿಗೆಯನ್ನು ಅವಳು ಗಾಣದ ಮನೆಯ ಮುಂದಿನ ಬೇವಿನ ಗಿಡಕ್ಕೆ ಕಟ್ಟುತ್ತಿದ್ದಳು. ಹತ್ತಿ ಒಡೆಯುವ ಹೊತ್ತಿಗೆ ಬೇವು ಎಲೆ ಉದುರಿಸಿ ನಿಂತಿರುತ್ತದೆ, ನೆರಳು ಹೆಸರಿಗಷ್ಟೇ. ಒಮ್ಮೆ ಅವಳು ನನ್ನನ್ನು ಕೇಳಿದಳು, "ಅಕ್ಕಾರ, ಬಿಸಲ ಏರಿದ ಮ್ಯಾಲ ಕೂಸಿನ್ನ ಒಳಗ ಬಾಗಲ ಮಗ್ಗಲಕ ಇಡಲೇನ್ರಿ?" ಅತ್ತೆ ಒಪ್ಪುವುದಿಲ್ಲ ಎಂದೆ. ಅವಳು ಮತ್ತೆ ಕೇಳಲಿಲ್ಲ.

ಇನ್ನು ಲಿಂಗದ ಮಾತು. ನಮ್ಮಲ್ಲಿ ಕೂಸು ಹುಟ್ಟಿದ ಕೂಡಲೇ ಮಠದ ಅಯ್ಯನವರು ಬಂದು ಲಿಂಗ ಕಟ್ಟುತ್ತಾರೆ. ಸಣ್ಣ ಕೆಂಪು ಬಟ್ಟೆಯಲ್ಲಿ ಸುತ್ತಿದ ಲಿಂಗ, ಕೊರಳಿಗೆ ದಾರ. ಅಂದಿನಿಂದ ಅದು ಮೈಯ ಒಂದು ಭಾಗ. ಲಿಂಗ ಕೊರಳಲ್ಲಿ ಇಲ್ಲದ ಹೊತ್ತು ಬಾಯಿಗೆ ಅನ್ನವಿಲ್ಲ, ನೀರಿಲ್ಲ. ಕಳೆದುಕೊಂಡ ಹಿರಿಯರು ಅದು ಸಿಗುವ ತನಕ ಉಪವಾಸ ಕೂತು ಸತ್ತ ಕಥೆಗಳನ್ನು ಕೇಳಿಯೇ ನಾವು ಬೆಳೆದವರು. ಕೂಸಿಗೂ ಅದೇ ನೇಮ. ಹಾಲು ಕೊಡುವ ಮೊದಲು ಕೂಸಿನ ಲಿಂಗವನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವುದು ನಮ್ಮ ಮನೆಯ ರೂಢಿ. ಕೊರಳಿನಲ್ಲಿ ಜೀವವಿರುವ ತನಕ ಕಟ್ಟಿದ ಲಿಂಗವನ್ನು ಬಿಚ್ಚಬಾರದು. ಬಿಚ್ಚಿದರೆ ಪ್ರಾಣ ತೆಗೆದ ಪಾಪ.

ಆ ಹತ್ತಿಯ ಸುಗ್ಗಿಯಲ್ಲೇ ಒಂದು ದಿನ ಪಾಳಿಯವರಲ್ಲಿ ಒಬ್ಬಳಿಗೆ ಚಳಿಜ್ವರ. ಪಾಳಿ ತಪ್ಪಿಸಬಾರದೆಂದು ಅವಳು ತನ್ನ ಅತ್ತೆಯನ್ನು ಕಳಿಸಿದ್ದಳು. ಆ ಮುದುಕಿಗೆ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಬೆಳಕು ಕತ್ತಲೆ ತಿಳಿಯುತ್ತಿತ್ತು, ಮುಖ ತಿಳಿಯುತ್ತಿರಲಿಲ್ಲ. ಹಾಗಾದರೇನು, ಹತ್ತಾರು ಮಕ್ಕಳನ್ನು ಮೀಯಿಸಿ ಬೆಳೆಸಿದ ಕೈ. ಕೂಸುಗಳು ಅವಳ ಮಡಿಲಲ್ಲಿ ಬೇಗ ಸುಮ್ಮನಾಗುತ್ತಿದ್ದವು. ನಾವು ಹೆದರಲಿಲ್ಲ, ಇನ್ನೊಬ್ಬ ಗಟ್ಟಿ ಹೆಂಗಸು ಜೊತೆಗೆ ಇದ್ದಳಲ್ಲ.

ಬಿಸಿಲು ಏರುವ ಹೊತ್ತಿಗೆ ಸುಳಿಗಾಳಿ ಎದ್ದಿತು. ನಾವೆಲ್ಲ ಹೊಲದ ಆಚೆ ತುದಿಯಲ್ಲಿದ್ದೆವು, ಮುಖಕ್ಕೆ ಸೆರಗು ಸುತ್ತಿಕೊಂಡು ಸಾಲಿನಲ್ಲಿಯೇ ಕೂತುಬಿಟ್ಟೆವು. ಗಾಣದ ಮನೆಯಲ್ಲಿ ಆಗ ಏನಾಯಿತೆಂಬುದು ನಮಗೆ ಆಮೇಲೆ ತಿಳಿದದ್ದು. ಗಟ್ಟಿ ಹೆಂಗಸು ನೀರು ತರಲು ಬಾವಿಗೆ ಹೋಗಿದ್ದಳು. ನನ್ನ ಮಗ ಹಟಮಾರಿ, ಬಿಟ್ಟರೆ ಕಿರಿಚುತ್ತಾನೆಂದು ಅವನನ್ನು ಕಂಕುಳಲ್ಲಿಯೇ ಇಟ್ಟುಕೊಂಡು ಹೋಗಿದ್ದಳು. ಅವನನ್ನು ಎತ್ತುವಾಗ ಕೊರಳಿನ ಸವೆದ ದಾರ ಹರಿದು ಲಿಂಗ ಕೌದಿಯ ಮೇಲೆ ಬಿದ್ದದ್ದು ಅವಳಿಗೆ ಕಾಣಲಿಲ್ಲ.

ಗಾಳಿಯಲ್ಲಿ ಹೊರಗೊಂದು ಕೂಸು ಉಸಿರು ಕಟ್ಟಿಕೊಂಡು ಅಳುವುದು ಮುದುಕಿಗೆ ಕೇಳಿಸಿತು. ಯಾರೋ ನಮ್ಮವರೇ ಬುದ್ಧಿಯಿಲ್ಲದೆ ಹೊರಗೆ ಕಟ್ಟಿದ್ದಾರೆಂದು ಬೈದುಕೊಂಡು, ಗೋಡೆ ಹಿಡಿದು, ದನಿ ಹಿಡಿದು ಬೇವಿನ ತನಕ ಹೋದಳು. ಜೋಳಿಗೆಯಿಂದ ಕೂಸನ್ನು ಎತ್ತಿ ಒಳಗೆ ತಂದಳು. ಕಣ್ಣು ಮೂಗಿನ ಧೂಳು ಒರೆಸಿ, ಕೌದಿಯ ಮೇಲೆ ಹಾಕಿ ತಟ್ಟುವಾಗ ಅವಳ ಅಂಗೈಗೆ ಲಿಂಗ ಸಿಕ್ಕಿತು. ನೆಲಕ್ಕೆ ಬಿದ್ದ ಲಿಂಗ, ಯಾವ ಕೂಸಿನದೋ, ಆ ಕೂಸು ಈಗ ಬರಿ ಕೊರಳಿನಲ್ಲಿದೆ. ಒಂದೊಂದೇ ಕೂಸಿನ ಕೊರಳು ಮುಟ್ಟುತ್ತ ಹೋದಳು. ಎಲ್ಲರಿಗೂ ಇತ್ತು. ತಾನು ಹೊರಗಿನಿಂದ ತಂದ ಕೂಸಿಗೆ ಮಾತ್ರ ಇರಲಿಲ್ಲ. ತನ್ನ ಸೆರಗಿನಿಂದ ದಾರ ಎಳೆದು ಹೊಸೆದು, ಹಣೆಗೆ ಭಸ್ಮ ಹಚ್ಚಿ, ಕಿವಿಯಲ್ಲಿ ಶಿವನ ಹೆಸರು ಹೇಳಿ, ಗಟ್ಟಿಯಾಗಿ ಗಂಟು ಹಾಕಿದಳು. ಆಮೇಲೆ ಸಮಾಧಾನದಿಂದ ಕೂತು ಆ ಕೂಸಿನ ಬೆನ್ನು ಸವರುತ್ತಿದ್ದಳು.

ಮಧ್ಯಾಹ್ನ ನಾವು ಹಾಲು ಕೊಡಲು ಬಂದೆವು. ನಾನು ಎಲ್ಲರಿಗಿಂತ ಮುಂದೆ. ಎದೆ ಕಲ್ಲಾಗಿತ್ತು, ಗಾಳಿ ನಿಂತ ಮೇಲೆ ಆಗಷ್ಟೇ ಬಾವಿಯಿಂದ ತಿರುಗಿ ಬಂದಿದ್ದ ಗಟ್ಟಿ ಹೆಂಗಸಿನ ಕಂಕುಳಲ್ಲಿದ್ದ ಮಗ ಬಾಗಿಲಲ್ಲಿಯೇ ನನ್ನನ್ನು ಕಂಡು ಕೈ ಚಾಚಿ ಅಳತೊಡಗಿದ. ಮಡಿಲಿಗೆ ಹಾಕಿಕೊಂಡು ಲಿಂಗ ಮುಟ್ಟಲು ಕೊರಳಿಗೆ ಕೈ ಇಟ್ಟೆ. ಬರಿ ಕೊರಳು.

ಅವನ ಅಂಗಿ ಬಿಚ್ಚಿ ಕೊಡವಿದೆ. ಕೌದಿ ಎತ್ತಿ ಕೊಡವಿದೆ. ನಾಲ್ಕು ಜನ ಸೇರಿ ಸೊಪ್ಪೆಯನ್ನೆಲ್ಲ ಕಿತ್ತು ಹಾಕಿದೆವು. ಒಬ್ಬಳು ಬಾವಿಯ ದಾರಿಯನ್ನು ಕಾಲಿನಿಂದ ಸವರುತ್ತ ಹೋದಳು. ಮಗ ನನ್ನ ಕುಪ್ಪಸ ಹಿಡಿದು ಎಳೆಯುತ್ತ ಕಿರಿಚುತ್ತಿದ್ದ. ಅವನ ಬಾಯಿ ನನ್ನ ಎದೆಯ ಹತ್ತಿರವೇ ಇತ್ತು, ನಾನು ಅವನ ತಲೆಯನ್ನು ಹಿಂದಕ್ಕೆ ತಳ್ಳಿ ಹಿಡಿದಿದ್ದೆ. ನನ್ನ ಜೀವಮಾನದಲ್ಲಿ ನನ್ನ ಕೈ ಮಾಡಿದ ಕೆಲಸಗಳಲ್ಲಿ ಅದರಷ್ಟು ಕಠಿಣವಾದದ್ದು ಇನ್ನೊಂದಿಲ್ಲ.

ಗದ್ದಲ ಕೇಳಿ ಮುದುಕಿ ಕೇಳಿದಳು, "ಏನ ಹುಡಕಾಕತ್ತೀರಿ? ಲಿಂಗಾ? ನಾ ಆಗಲೇ ಕಟ್ಟೀನಲ್ಲ ಕೂಸಿಗೆ."

"ಯಾವ ಕೂಸಿಗೆ, ಆಯಿ?"

"ಇಲ್ಲೇ ಮಲಗೈತಿ ನೋಡ. ಗಾಳ್ಯಾಗ ಹೊರಗ ಕಟ್ಟಿದ್ರಿ, ನಾನ ಎತಗೊಂಡ ಬಂದೆ."

ಎಲ್ಲರೂ ನೋಡಿದೆವು. ಹಣೆಯ ಮೇಲೆ ಭಸ್ಮ, ಕೊರಳಲ್ಲಿ ನನ್ನ ಮಗನ ಲಿಂಗ. ಹಳ್ಳದ ಆಚೆಯವಳ ಕೂಸು ಕಣ್ಣು ಬಿಟ್ಟು ತೊಲೆಯನ್ನು ನೋಡುತ್ತ ಕಾಲು ಆಡಿಸುತ್ತಿತ್ತು. ನನ್ನ ಮಗನ ಅಳು ಒಂದೇ ಕೇಳುತ್ತಿತ್ತು.

ಅಷ್ಟರಲ್ಲಿ ಅವಳೂ ಬಂದಳು. ಮೊದಲು ಬೇವಿನ ಬುಡಕ್ಕೆ ಹೋಗಿದ್ದಾಳೆ, ಖಾಲಿ ಜೋಳಿಗೆ ಕಂಡಿದ್ದಾಳೆ. ನಾಯಿ ಎಳೆಯಿತೋ, ನರಿ ಎಳೆಯಿತೋ ಎಂದು ಓಡಿ ಬಂದವಳು ಹೊಸ್ತಿಲ ಹೊರಗೆ ತಡೆದು ನಿಂತಳು. ಒಳಗೆ ತನ್ನ ಕೂಸನ್ನು ಕಂಡಳು, ಅದರ ಕೊರಳನ್ನು ಕಂಡಳು, ನಮ್ಮ ಮುಖಗಳನ್ನು ಕಂಡಳು. ಕೆಂಪಾಗಿದ್ದ ಅವಳ ಕಣ್ಣುಗಳಲ್ಲಿ ಈಗ ಬೇರೆ ಹೆದರಿಕೆ ಬಂತು.

"ನಾ ಏನೂ ಮಾಡಿಲ್ರಿ," ಅಂದಳು.

ಮಸಗುಪ್ಪಿಯ ಹುಡುಗಿ ನಡೆದದ್ದನ್ನು ಹೇಳಿದಳು. ಮುದುಕಿಗೂ ಆಗಲೇ ತಿಳಿದದ್ದು ತಾನು ಯಾರ ಕೂಸಿಗೆ ಕಟ್ಟಿದೆನೆಂದು. ಅವಳು ತನ್ನ ಎರಡೂ ಕೈಗಳನ್ನು ಮುಂದೆ ಚಾಚಿ ಹಿಡಿದು ಕೂತಳು, ಅವು ಬೇರೆ ಯಾರವೋ ಎಂಬಂತೆ.

ಅಯ್ಯನವರನ್ನು ಕರೆಸೋಣವೆಂದರೆ ಅವರು ಹುಕ್ಕೇರಿಗೆ ಹೋಗಿದ್ದರು, ಬರುವುದು ನಾಡಿದ್ದು. ಹೊಸ ಲಿಂಗ ಕಟ್ಟಿಸುವ ಮಾತು ಮುಗಿಯಿತು. ಇರುವುದು ಅದೊಂದೇ ಲಿಂಗ, ಅದನ್ನು ಅಲ್ಲಿಂದ ತೆಗೆಯಬೇಕು. ಗಟ್ಟಿ ಹೆಂಗಸು ಬಗ್ಗಿದಳು, ದಾರಕ್ಕೆ ಬೆರಳು ಹಾಕಲು ಹೋದವಳು ಕೈ ಹಿಂದೆ ತೆಗೆದುಕೊಂಡಳು.

ಮುದುಕಿ ಅವಳ ಬಳೆಯ ಸದ್ದು ಕೇಳಿ ಹೇಳಿದಳು, "ಮಂತ್ರಾ ಹೇಳಿ ಕಟ್ಟೀನಿ. ಇನ್ನ ಅದು ಬರೇ ಕೂಸಲ್ಲ. ಬಿಚ್ಚವರು ತಿಳದ ಬಿಚ್ಚರಿ."

ಅತ್ತ ದರಿ ಇತ್ತ ಪುಲಿ ಅನ್ನುವುದು ಅದಕ್ಕೇ ಇರಬೇಕು. ಒಬ್ಬರ ಮುಖ ಒಬ್ಬರು ನೋಡಿದೆವು, ಯಾರೂ ಮುಂದೆ ಬರಲಿಲ್ಲ. ಕಡೆಗೆ ನಮ್ಮ ಶಾಣೆತನಕ್ಕೆ ಹೊಳೆದದ್ದು ಏನೆಂದರೆ, ಪಾಪ ನಮಗೇಕೆ, ಆ ಕೂಸಿನ ತಾಯಿಯೇ ಬಿಚ್ಚಲಿ. ನಾನೇ ಅವಳಿಗೆ ಹೇಳಿದೆ, "ಒಳಗ ಬಾ. ನಿನ್ನ ಕೂಸಿನ ಕೊಳ್ಳಾಗಿಂದು ಬಿಚ್ಚಿ ಕೊಡ. ನನ್ನ ಕೂಸು ಹಸದೈತಿ."

ಅವಳು ಹೊಸ್ತಿಲು ದಾಟಿದಳು. ನಾವು ಸರಿದು ದಾರಿ ಕೊಟ್ಟೆವು. ಕೂಸನ್ನು ಎತ್ತಿ ಹೆಗಲಿಗೆ ಹಾಕಿಕೊಂಡು ಗಂಟಿಗೆ ಕೈ ಹಚ್ಚಿದಳು. ಅಲ್ಲಿಗೆ ನಿಂತಳು.

"ಬಿಚ್ಚಿದ ಮ್ಯಾಲ ಇದನ್ನ ಎಲ್ಲಿ ಮಲಗಸ್ಲಿ?" ಅಂತ ಕೇಳಿದಳು.

"ಎಲ್ಲಿ ಇತ್ತೋ ಅಲ್ಲೆ. ಗಿಡದ ಬುಡಕ," ಅಂದಳು ಗಟ್ಟಿ ಹೆಂಗಸು.

ಅವಳು ಗಂಟಿನ ಮೇಲಿನ ಕೈಯನ್ನು ತೆಗೆದಳು. ಕೂಗಾಡಲಿಲ್ಲ, ಹೊರಗೆ ಓಡಲಿಲ್ಲ. ಸೆರಗನ್ನು ಎದೆಯ ತುಂಬ ಎಳೆದುಕೊಂಡು, ಕೂಸನ್ನು ಅವಚಿಕೊಂಡು ನಡುಮನೆಯಲ್ಲಿ ನಿಂತಳು.

ನನಗೆ ನೆತ್ತಿಗೆ ರಕ್ತ ಏರಿತು. ನನ್ನ ಮಗ ಅತ್ತು ಅತ್ತು ದನಿ ಒಡೆದು ಬಿಕ್ಕುತ್ತಿದ್ದ. ಅವನ ತುಟಿ ನೀಲಿಯಾಗುತ್ತಿತ್ತು. ಇವಳು ಇಂಥ ಹೊತ್ತಿನಲ್ಲಿ ವ್ಯಾಪಾರಕ್ಕೆ ನಿಂತಳಲ್ಲ ಎಂದು ಅವಳ ಮೇಲೆ ಹೋಗಬೇಕೆನ್ನಿಸಿತು. ಎಳೆದು ಕಿತ್ತುಕೊಳ್ಳುವಷ್ಟು ಜನ ನಾವಿದ್ದೆವು. ಆದರೆ ಕಿತ್ತುಕೊಳ್ಳಬೇಕಾದದ್ದು ಎಂಥದ್ದೆಂಬುದು ನಮ್ಮನ್ನು ಹಿಡಿದು ನಿಲ್ಲಿಸಿತ್ತು, ಅದು ಅವಳಿಗೂ ಗೊತ್ತಿತ್ತು.

"ನಿಮ್ಮ ದೇವರನ್ನ ನಾ ಇಟಗೋಳಾಂಗಿಲ್ರಿ," ಅಂದಳು. "ಇದನ್ನ ಮನಿಗೆ ಒಯ್ದ್ರ ನಮ್ಮ ಕೇರಿ ಉಳಿಯೂದಿಲ್ಲ. ನನಗ ನೆಳ್ಳ ಬೇಕು. ನನ್ನ ಕೂಸಿಗೆ ಇಲ್ಲೆ ಜಾಗಾ ಕೊಡ್ರಿ."

ಬಾಗಿಲ ಕಡೆಗಿದ್ದವಳು ಪಿಸುಗುಟ್ಟಿದಳು, "ನಿಮ್ಮತ್ತಿ ಬರಾಕತ್ತಾರ."

ಹೊಲದ ಬದುವಿನ ಮೇಲೆ ಅತ್ತೆ ಬುತ್ತಿಯ ಬುಟ್ಟಿ ಹೊತ್ತು ಬರುವುದು ಕಾಣಿಸಿತು. ಬಾವಿಯನ್ನು ಇನ್ನೂ ದಾಟಿರಲಿಲ್ಲ. ಅತ್ತೆ ಇದನ್ನು ಈ ಸ್ಥಿತಿಯಲ್ಲಿ ನೋಡಿದರೆ ಗಂಡಸರಿಗೆ ತಿಳಿಯುತ್ತದೆ. ಗಂಡಸರಿಗೆ ತಿಳಿದರೆ ತಪ್ಪು ಮುದುಕಿಯದಾಗುವುದಿಲ್ಲ, ನಮ್ಮದಾಗುವುದಿಲ್ಲ, ಇವಳದಾಗುತ್ತದೆ. ಇವಳ ಗುಡಿಸಲಿಗೆ ಸಂಜೆಯೊಳಗೆ ಜನ ಹೋಗುತ್ತಾರೆ. ಅದೂ ಅವಳಿಗೆ ಗೊತ್ತಿತ್ತು. ಆದರೂ ಕೈ ಗಂಟಿಗೆ ಹೋಗಲಿಲ್ಲ.

"ಕೊಟ್ಟೆ," ಅಂದೆ ನಾನು. "ಇಲ್ಲೆ ಇರಲಿ ನಿನ್ನ ಕೂಸು."

"ಇದರ ಮ್ಯಾಲ ಕೈ ಇಟ್ಟ ಹೇಳ್ರಿ."

ನಾನು ಅವಳ ಕೂಸಿನ ಎದೆಯ ಮೇಲಿನ ಲಿಂಗದ ಮೇಲೆ ಕೈ ಇಟ್ಟು ಹೇಳಿದೆ. ಬಟ್ಟೆಯ ಕೆಳಗೆ ಆ ಪುಟ್ಟ ಎದೆ ಡವಗುಟ್ಟುತ್ತಿತ್ತು.

"ಈಗ ನೀವ ಬಿಚ್ಚರಿ," ಅಂದಳು. "ನಾ ಬಿಚ್ಚಿದ್ರ ನಾಳಿಗೆ ನಾ ಕದ್ದಿದ್ದೆ ಅಂತೀರಿ."

ಮುದುಕಿಯ ಗಂಟು ಸುಲಭದ ಗಂಟಲ್ಲ. ಉಗುರಿಗೆ ಸಿಗಲಿಲ್ಲ, ಹಲ್ಲಿನಿಂದ ಕಚ್ಚಿ ಸಡಿಲಿಸಬೇಕಾಯಿತು. ನನ್ನ ಮುಖ ಆ ಕೂಸಿನ ಕೊರಳಿಗೆ ತಾಗಿತು. ಹುಳಿ ಹಾಲು, ಬೆವರು, ಧೂಳಿನ ವಾಸನೆ. ಕಣ್ಣು ಮುಚ್ಚಿ ಮೂಸಿದ್ದರೆ ಯಾರ ಕೂಸೆಂದು ನಾನೂ ಹೇಳುತ್ತಿರಲಿಲ್ಲ. ಪಾಪ ಎಲ್ಲ ನನ್ನ ತಲೆಯ ಮೇಲೆ ಬರಲಿ ಎಂದುಕೊಂಡು ಗಂಟು ಬಿಡಿಸಿದೆ, ಅದೇ ದಾರದಲ್ಲಿ ಮಗನಿಗೆ ಕಟ್ಟಿದೆ, ಕಣ್ಣಿಗೆ ಒತ್ತಿಕೊಂಡು ಎದೆಗೆ ಹಾಕಿಕೊಂಡೆ. ಅವನು ಮೊದಲ ಗುಟುಕಿಗೆ ಕೆಮ್ಮಿ, ಎರಡನೆಯದಕ್ಕೆ ಸುಮ್ಮನಾದ. ಅವಳು ಬಾಗಿಲ ಒಳಮಗ್ಗುಲಲ್ಲಿ ಕೂತು ತನ್ನ ಕೂಸಿಗೆ ಹಾಲು ಕೊಡತೊಡಗಿದಳು.

ಅತ್ತೆ ಒಳಗೆ ಬಂದವಳು ಮೊದಲು ನೋಡಿದ್ದು ಅದನ್ನೇ. ಬುಟ್ಟಿಯನ್ನು ಇಳಿಸಲೂ ಇಲ್ಲ.

"ಆ ಕೂಸು ಒಳಗ ಯಾಕೈತಿ?"

"ಇನ್ನ ಮ್ಯಾಲ ಒಳಗ ಇರತೈತ್ರಿ ಅತ್ತಿ. ಲಿಂಗದ ಮ್ಯಾಲ ಕೈ ಇಟ್ಟ ಮಾತ ಕೊಟ್ಟೀನಿ."

"ಯಾಕ ಕೊಟ್ಟಿ?"

"ಅದನ್ನ ಕೇಳಬ್ಯಾಡ್ರಿ. ಕೊಟ್ಟಿದ್ದು ಖರೆ."

ಅತ್ತೆ ಒಬ್ಬೊಬ್ಬರ ಮುಖ ನೋಡಿದಳು. ಎಲ್ಲರೂ ತಮ್ಮ ತಮ್ಮ ಕೂಸಿನ ತಲೆ ಸವರುತ್ತಿದ್ದರು. ಹೆಂಗಸರ ಬಾಯಲ್ಲಿ ಮಾತು ನಿಲ್ಲುವುದಿಲ್ಲ ಎನ್ನುತ್ತಾರೆ. ಆ ದಿನದ ಮಾತು ಆ ಗೋಡೆಗಳನ್ನು ದಾಟಲಿಲ್ಲ. ನನ್ನ ಗಂಡ ಸಾಯುವ ತನಕ ಅವನಿಗೆ ತಿಳಿಯಲಿಲ್ಲ. ಅತ್ತೆ ಬುತ್ತಿಯನ್ನು ಹಾಗೆಯೇ ಹೊತ್ತುಕೊಂಡು ತಿರುಗಿ ಮನೆಗೆ ಹೋದಳು, ನಾವು ಉಪವಾಸ ಬಿದ್ದೆವು.

ರಾತ್ರಿಯೇ ಅತ್ತೆ ಕೀಲಿಯನ್ನು ತಿರುಗಿ ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು, ಮರುದಿನ ಮುಂಜಾನೆ ಗಾಣದ ಮನೆಗೆ ಬೀಗ ಬಿದ್ದಿತ್ತು. ಕೂಸುಗಳನ್ನು ಸೊಂಟಕ್ಕೆ ಹಾಕಿಕೊಂಡು ನಾವು ಬಾಗಿಲ ಮುಂದೆ ನಿಂತೆವು. ಕೆಲವರು ನನ್ನನ್ನು ಬೈದರು. ಗಟ್ಟಿ ಹೆಂಗಸು, "ಬ್ಯಾರೇದವರ ಸಲುವಾಗಿ ನಮ್ಮ ಕೂಸಿನ ನೆಳ್ಳ ಹೋತು" ಎಂದು ತನ್ನ ಕೂಸನ್ನು ಎತ್ತಿಕೊಂಡು ಹೊರಟೇ ಹೋದಳು, ಮತ್ತೆ ಪಾಳಿಗೆ ಬರಲಿಲ್ಲ. ಹಳ್ಳದ ಆಚೆಯವಳು ದೂರ ನಿಂತಿದ್ದಳು. ನನ್ನ ಮಾತು ಎಷ್ಟು ದಿನದ್ದು ಎಂದು ನೋಡುತ್ತಿದ್ದಳೋ ಏನೋ. ಆ ನೋಟಕ್ಕೆ ನನಗೆ ಮತ್ತೆ ಸಿಟ್ಟು ಬಂತು. ನಾನು ಬದುವಿನ ಮೇಲೆ ಮಗನನ್ನು ಹಾಕಿಕೊಂಡು ಕೂತುಬಿಟ್ಟೆ. ಕೂಸು ಮಲಗಿಸುವ ಜಾಗ ಇಲ್ಲದೆ ಕೈ ಹೇಗೆ ಹತ್ತಿಗೆ ಹೋಗಬೇಕು. ನನ್ನ ಹಿಂದೆ ಮಸಗುಪ್ಪಿಯ ಹುಡುಗಿ ಕೂತಳು, ಅವಳ ಹಿಂದೆ ಉಳಿದವರು. ಯಾವುದೋ ದೊಡ್ಡ ಧೈರ್ಯದಿಂದಲ್ಲ, ಮತ್ತೆ ಕೂಸನ್ನು ಕಂಬಕ್ಕೆ ಕಟ್ಟುವ ಮನಸ್ಸು ಅವರಿಗಿರಲಿಲ್ಲ ಅಷ್ಟೇ.

ಹತ್ತಿ ಒಡೆದು ಹೊಲವೆಲ್ಲ ಬೆಳ್ಳಗೆ ನಿಂತಿತ್ತು. ಬಿಸಿಲು ಏರಿದಂತೆ ಗಾಳಿಯೂ ಎದ್ದಿತು, ಅರಳೆ ಕಿತ್ತು ಬದುವಿಗೆ ಬಂದು ಬೀಳತೊಡಗಿತು. ಅತ್ತೆ ಬಂದಳು, ನಮ್ಮನ್ನು ನೋಡಿದಳು, ನೆಲದ ಮೇಲೆ ಉರುಳುವ ಅರಳೆಯನ್ನು ನೋಡಿದಳು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎಂದು ಹೇಳಿ ನಗಬಹುದು, ಆದರೆ ಆಗ ನನಗೆ ನಗು ಬರಲಿಲ್ಲ. ಅವಳು ಬೇಡ ಎಂದರೆ ನಾನು ಹೋಗುವುದಕ್ಕೆ ಬೇರೆ ಮನೆ ಇರಲಿಲ್ಲ. ಕಡೆಗೆ ಅವಳು ತಾನೇ ಹೋಗಿ ಕೀಲಿ ತೆಗೆದಳು.

"ಬಾಗಲ ಹಂತ್ಯಾಕ ಇರಲಿ ಅದು. ಒಳಗ ಬ್ಯಾಡ," ಅಂದಳು, ಯಾರ ಕಡೆಗೂ ನೋಡದೆ.

"ಆತ್ರಿ," ಅಂದಳು ಹಳ್ಳದ ಆಚೆಯವಳು. ಮನೆಯಲ್ಲಿ ಗಾಳಿ ಎಲ್ಲಕ್ಕಿಂತ ಚೆನ್ನಾಗಿ ಬರುವುದು ಬಾಗಿಲ ಹತ್ತಿರವೇ. ಅಲ್ಲಿ ಕೂಸನ್ನು ಮಲಗಿಸಿ ಅವಳು ಹೊಲಕ್ಕೆ ಇಳಿದಳು.

ನನ್ನ ಮಾತಿಗೆ ನಾನು ತಪ್ಪಲಿಲ್ಲ, ಆದರೆ ಅವಳ ಮೇಲಿನ ಸಿಟ್ಟು ಹೋಗಲಿಲ್ಲ. ಪಾಳಿಯ ದಿನ ಅವಳ ಕೂಸಿಗೂ ಅಂಬಲಿ ಉಣಿಸುತ್ತಿದ್ದೆ, ಮೂಗು ಒರೆಸುತ್ತಿದ್ದೆ, ಅವಳೊಡನೆ ಮಾತ್ರ ಮಾತಾಡುತ್ತಿರಲಿಲ್ಲ. ನನ್ನ ಮಗನ ತುಟಿ ನೀಲಿಯಾದದ್ದು ಕಣ್ಣ ಮುಂದೆ ಬರುತ್ತಿತ್ತು. ಹತ್ತಿ ಮುಗಿದ ಕಡೆಯ ದಿನ ಎಲ್ಲರೂ ತಂತಮ್ಮ ಕೂಸು ಎತ್ತಿಕೊಂಡು ಹೊರಟ ಮೇಲೆ ನಾವಿಬ್ಬರೇ ಉಳಿದೆವು. ಅವಳು ಬಾಗಿಲಲ್ಲಿ ಕೂತು ಸೀರೆಗೆ ಅಂಟಿದ ಅರಳೆ ಕೀಳುತ್ತಿದ್ದಳು. ನನಗೆ ತಡೆಯಲಾಗಲಿಲ್ಲ.

"ಅವತ್ತ ನನ್ನ ಕೂಸು ಹಂಗ ಒದರಾಕತ್ತಿತ್ತು," ಅಂದೆ. "ನೀನೂ ಹಾಲ ಕೊಡೂ ತಾಯಿ. ಗಂಟಿನ ಮ್ಯಾಲಿನ ಕೈ ತಗದ ನಿಂತೆಲ್ಲ, ನಿನ್ನ ಎದಿ ಹ್ಯಾಂಗ ತಡೀತು?"

ಅವಳು ಅರಳೆ ಕೀಳುವುದನ್ನು ನಿಲ್ಲಿಸಲಿಲ್ಲ.

"ಎಲ್ಲಿ ತಡೀತ್ರಿ ಅಕ್ಕಾರ. ನಿಮ್ಮ ಕೂಸಿನ ದನಿಗೆ ನನ್ನ ಎದಿ ಸೋರಿ ಕುಪ್ಪಸ ಪೂರಾ ತೊಯ್ದಿತ್ತು. ಅದಕ್ಕ ಸೆರಗ ಎಳಕೊಂಡ ನಿಂತಿದ್ದೆ. ನೀವು ಅದನ್ನ ಕಂಡಿದ್ರ, ಇಕಿ ಇನ್ನೇನ ಬಿಚ್ಚಿ ಕೊಡತಾಳ ಅಂತ ಸುಮ್ಮನ ಕೂಡತಿದ್ರಿ."